ಅಭ್ಯಾಸಕ್ಕೆ ಹೂಡಿದ ಸಂಸಾರ

ತೆಲಂಗಾಣ ಬೇರೆ ರಾಜ್ಯವಾದ ಮರುವರ್ಷದ ಮಾತು. ನಾರಾಯಣಪೇಟೆಯ ಕಾಲೇಜಿನ ಮಕ್ಕಳು ನಮ್ಮೂರಿಗೆ ಕಲಿಯಲು ಬರುವವರಿದ್ದರು. ಮನೆಮನೆಗೆ ಹೋಗಿ ಜನರ ಕಷ್ಟಸುಖ ಕೇಳಿ, ಊರವರ ಜೊತೆ ಸೇರಿ ಒಂದು ಕೆಲಸ ಮಾಡಬೇಕಂತೆ. ಅದಕ್ಕೂ ಮೊದಲು ಕೇಳುವ ರೀತಿ ಕಲಿಸಬೇಕೆಂದು ಅವರ ಶಿವಗಂಗಾ ಮೇಡಂ ಮಕ್ಕಳನ್ನು ನಮ್ಮ ಶಾಲೆಯ ಕಟ್ಟೆಗೆ ಕರೆತಂದರು.

“ಅಭ್ಯಾಸಕ್ಕ ಒಂದು ಮನಿ ಬೇಕ್ರಿ. ನೀವಿಬ್ಬರೂ ಗಂಡ ಹೆಂಡತಿ ಹಂಗ ಕುಂದರ್ರಿ,” ಎಂದು ನನಗೂ ಗುರಮ್ಮನಿಗೂ ಹೇಳಿದರು.

ಗುರಮ್ಮ ನಮ್ಮ ಓಣಿಯವಳು. ಅವಳೂ ಒಂಟಿ, ನಾನೂ ಒಂಟಿ. ಗಂಡ ಸತ್ತವಳು ಮತ್ತೆ ಮದುವೆಯಾದರೆ ನಮ್ಮಲ್ಲಿ ಉಡಿಕಿ ಎನ್ನುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೇಳಲು ನನಗೆ ಬಾಯಿ ಬಂದಿರಲಿಲ್ಲ. ಬರುವ ಸೋಮವಾರ ಅವಳ ಅಣ್ಣ ಬಂದು ಅವಳನ್ನು ತನ್ನೂರು ಶಾಂತಿನಗರಕ್ಕೆ ಕರೆದೊಯ್ಯುವವನಿದ್ದ, ಇನ್ನು ಅಲ್ಲೇ ಇರಲು.

“ಗಂಡ ಅಂದ್ರ ತಲಿಯಾದರೂ ಬಾಚಿರಬೇಕಲ್ಲ,” ಎಂದು ಅವಳು ಸೆರಗಿನ ಮರೆಯಿಂದ ಓರೆಯಾಗಿ ನೋಡಿದಳು.

“ಬೈಯಾಕ ಹತ್ತೀದಿ ಅಂದ್ರ ಹೆಂಡತಿ ಆದಿ ಬಿಡು,” ಎಂದೆ.

ರಜಿತಾ ಎಂಬ ಹುಡುಗಿ ಎದುರಿಗೆ ಬಂದು ಕೂತಳು. “ತಾತಾ, ನಿಮ್ಮ ಮನಿಗೆ ಏನು ಬೇಕ್ರಿ? ನಲ್ಲಿನಾ, ಕರೆಂಟಾ?”

“ನೀನ ಉತ್ತರ ಹೇಳಿಕೊಡಬ್ಯಾಡ,” ಎಂದರು ಮೇಡಂ. “ಕೇಳು, ಸುಮ್ಮನ ಕುಂದರು. ಅವರು ಹೇಳೋತನಕ ಕಾಯಬೇಕು.”

ರಜಿತಾ ಮತ್ತೆ ಕೇಳಿ ಸುಮ್ಮನಾದಳು. ಮಕ್ಕಳೆಲ್ಲ ನನ್ನತ್ತಲೇ ನೋಡಿದರು. ನನ್ನ ಒಂದು ಮಾತಿಗಾಗಿ ಅಷ್ಟು ಹೊತ್ತು ಯಾರೂ ಕಾದಿರಲಿಲ್ಲ. ನಲ್ಲಿ ಎಂದುಬಿಡೋಣ ಅಂದುಕೊಂಡೆ. ಪಕ್ಕದಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಗುರಮ್ಮನ ಕೈ ನಿಂತಿತ್ತು.

“ಈಕಿ ಬೇಕವ್ವ,” ಎಂದೆ.

ನಾಟಕವೆಂದುಕೊಂಡು ಮಕ್ಕಳು ನಕ್ಕರು. ಗುರಮ್ಮ ನಗಲಿಲ್ಲ. ಎಲೆ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

“ಇದು ಮಕ್ಕಳಿಗೆ ಹೇಳಿದ ಮಾತೋ, ನನಗ ಹೇಳಿದ ಮಾತೋ?”

“ನಿನಗ.”

“ಮತ್ತ ಇಷ್ಟು ದಿನ ಬಾಯಾಗ ಏನಿತ್ತು?”

“ಅಂಜಿಕಿ.”

ಅವಳ ಕಣ್ಣಿನ ಅಂಚಿನಲ್ಲಿ ಸಣ್ಣ ನಗು ಮೂಡಿ, ಅಲ್ಲೇ ಅಡಗಿತು. “ನನಗೂ ಅದನ್ನ ಕೇಳವ್ವ,” ಎಂದು ರಜಿತಾಳ ಕಡೆ ತಿರುಗಿದಳು.

“ಅವ್ವಾ, ನಿಮ್ಮ ಮನಿಗೆ ಏನು ಬೇಕ್ರಿ?”

ರಜಿತಾ ಕಾದಳು. ಮೇಡಂ ಕಾದರು. ನಾನಂತೂ ಕತ್ತೆತ್ತಿ ನೋಡಲೂ ಇಲ್ಲ.

“ಸೋಮವಾರ ಅಣ್ಣ ಬರ್ತಾನ,” ಎಂದಳು ಗುರಮ್ಮ, ಮೆಲ್ಲಗೆ. “ಬರಲಿ. ನನ್ನ ಕರಕೊಂಡು ಹೋಗಾಕ ಅಲ್ಲ. ನಿಂತು ಉಡಿಕಿ ಮಾಡಾಕ.”