ಮುರಿಯದ ಶಾಫ್ಟು

ಪರೀಕ್ಷಾಯಂತ್ರ ತಿರುಚುತ್ತಿದ್ದ, ಗಾಡಿಯ ಗಾಲಿ ತಿರುಗಿಸುವ ಆಕ್ಸಲ್ ಶಾಫ್ಟಿನ ಮೇಲೆ ಕೂದಲೆಳೆಯಷ್ಟು ಬಿರುಕು ಮೂಡಿತು. ಮೌನೇಶ ಬಾಗಿ ನೋಡುತ್ತಿದ್ದಂತೆಯೇ ಆ ಬಿರುಕು ತುದಿಯಿಂದ ಕೂಡಿಕೊಳ್ಳುತ್ತ ಬಂದು ಗುರುತೂ ಉಳಿಯದಂತೆ ಮಾಯವಾಯಿತು.

"ಇದರಲ್ಲಿರೋದು ಹೊಲಿಗೆಕಣಗಳು," ಎಂದರು ಲೋಹವಿಜ್ಞಾನಿ ಸುಚರಿತಾ. "ಉಕ್ಕು ಎಲ್ಲಿ ಸೀಳಿದರೂ ಕಬ್ಬಿಣ ತಂದು ತುಂಬುತ್ತವೆ."

"ಕಬ್ಬಿಣ ಎಲ್ಲಿಂದ ತರ್ತಾವ್ರೀ?"

"ಶಾಫ್ಟಿನ ನಡುವೆ ಒಂದಿಷ್ಟು ತುಂಬಿಟ್ಟಿದ್ದೇವೆ. ಅದು ಮುಗಿದಮೇಲೆ ಏನಾಗುತ್ತದೋ ಇನ್ನೂ ನೋಡಿಲ್ಲ. ಸ್ವಲ್ಪ ತಡೀರಿ."

"ನೀವು ನೋಡೋತನಕ ಬಸುರಿ ಹೆಂಗಸ್ರು ತಡೀತಾರೇನ್ರೀ ಮೇಡಂ?"

ಸಂಡೂರಿನ ಬೆಟ್ಟದ ಹಟ್ಟಿಗಳಿಗೆ ಆರೋಗ್ಯ ಕೇಂದ್ರದ ಜೀಪು ಓಡಿಸುವವನು ಮೌನೇಶ. ಹೋದ ಬೇಸಿಗೆಯಲ್ಲಿ ಏರಿನ ನಡುವೆ ಶಾಫ್ಟು ಮುರಿದು, ಹಿಂದಿನ ಸೀಟಿನಲ್ಲಿದ್ದ ಹೆಂಗಸು ಅಲ್ಲೇ ತೀರಿಕೊಂಡಿದ್ದಳು.

ಕೊನೆಗೆ, ತಿಂಗಳಿಗೊಮ್ಮೆ ತಪಾಸಣೆಗೆ ತರಬೇಕೆಂಬ ಕರಾರಿನ ಮೇಲೆ ಅಂಥ ಶಾಫ್ಟು ಕೊಡಲು ಸುಚರಿತಾ ಒಪ್ಪಿದರು. ಆ ಜೀಪಿನ ಅಳತೆಗೆಂದೇ ಎರಡು ಶಾಫ್ಟುಗಳು ತಯಾರಾದವು. ಅವುಗಳ ಹಲ್ಲುಗಳು ಹಿಂಬದಿ ಗಾಲಿಗಳ ಗೇರಿನೊಳಗೆ ಬಿಗಿಯಾಗಿ ಕೂತಾಗ ಮೌನೇಶನ ಎದೆ ಹಗುರಾಯಿತು.

ಬಂಡೆ, ಹಳ್ಳ, ಗಣಿಯ ಹಳೆಯ ಜಾಡು, ಯಾವುದಕ್ಕೂ ಜೀಪು ಜಗ್ಗಲಿಲ್ಲ. ತೊಂದರೆಯೇ ಇಲ್ಲದ ಗಾಡಿಗೆ ತಪಾಸಣೆ ಏಕೆಂದು ಅವನು ಒಂದು ಸಲ ಮುಂದೂಡಿದ, ಮತ್ತೆ ಮುಂದೂಡಿದ.

ಒಂದು ಮಧ್ಯಾಹ್ನ ಬಾಳಮ್ಮ ಎಂಬ ತುಂಬು ಗರ್ಭಿಣಿಯನ್ನು ಕೂರಿಸಿಕೊಂಡು ಇಳಿಯುವಾಗ ಬ್ರೇಕ್ ಪೆಡಲು ತಳ ಮುಟ್ಟಿತು. ಹಿಂದಿನಿಂದ ಮಡಕೆ ಒಡೆದಂಥ ಸದ್ದು. ಬಲಕ್ಕೆ ಪ್ರಪಾತ. ಮೌನೇಶ ಎಡಕ್ಕೆ ತಿರುಗಿಸಿ ಜೀಪನ್ನು ಅದಿರಿನ ದಿಬ್ಬಕ್ಕೆ ನುಗ್ಗಿಸಿದ. ಹಿಂಬದಿ ಗಾಲಿ ಕೆಂಪು ಮಣ್ಣಿನಲ್ಲಿ ಹೂತು ಗಾಡಿ ನಿಂತಿತು. ಹಟ್ಟಿಯವರು ಓಡಿಬಂದು ಬಾಳಮ್ಮನನ್ನು ಮಂಚದ ಮೇಲೆ ಹೊತ್ತು ಕೆಳಗೆ ಸಾಗಿಸಿದರು.

ಮರುದಿನ ಬಂದ ಸುಚರಿತಾ ಮೊದಲು ಬಾಳಮ್ಮನ ಬಗ್ಗೆಯೇ ವಿಚಾರಿಸಿದರು.

"ಹೆಣ್ಣು ಕೂಸು. ಇಬ್ರೂ ಆರಾಮದಾರ್ರೀ," ಎಂದ ಮೌನೇಶ.

ಅವರು ಟಾರ್ಚು ಹಿಡಿದು ಜೀಪಿನಡಿ ತೂರಿದರು. ಬ್ರೇಕಿನ ಡ್ರಮ್ಮು ಹಪ್ಪಳದಷ್ಟು ತೆಳ್ಳಗಾಗಿ ಚೂರಾಗಿತ್ತು. ಗೇರಿನ ಹಲ್ಲುಗಳು ಸವೆದು ಹೋಗಿದ್ದವು. ಶಾಫ್ಟು ಮಾತ್ರ ಮೌನೇಶನ ತೋಳಿನಷ್ಟು ದಪ್ಪಗೆ ಬೆಳೆದು ಮಿರಮಿರ ಮಿಂಚುತ್ತಿತ್ತು. ಪಕ್ಕದಲ್ಲಿ ಬಾಗಿದ್ದ ಅವನು ಕೈಚಾಚಿ ಮುಟ್ಟಿ ನೋಡಿದ. ಬೆಚ್ಚಗಿತ್ತು.

"ಒಳಗಿನದು ಮುಗಿದಿದೆ," ಎಂದರು ಸುಚರಿತಾ ತಗ್ಗಿದ ದನಿಯಲ್ಲಿ. "ಈಗ ಹೊರಗಿನದನ್ನ ತಿನ್ನುತ್ತಿದೆ."

ಅಷ್ಟರಲ್ಲಿ ಜೀಪನ್ನು ಎತ್ತಲು ಬಂದಿದ್ದ ಕ್ರೇನಿನವನು ಹಿಂಬದಿಯ ಶಾಫ್ಟಿಗೆ ಕೊಕ್ಕೆ ಸಿಕ್ಕಿಸಿದ್ದ. "ಕಬ್ಬಿಣ ತಾಗಿಸಬೇಡಿ!" ಎಂದು ಅವರು ಕೂಗುತ್ತ ಹೊರಬಂದರು. ಅವನು ಗಾಬರಿಯಿಂದ ಸರಪಳಿ ಸಡಿಲಿಸಿದ. ಕೊಕ್ಕೆ ಕಳಚಲಿಲ್ಲ. ಅದು ಶಾಫ್ಟಿಗೆ ಬೆಸುಗೆ ಹಾಕಿದಂತೆ ಕಚ್ಚಿಕೊಂಡಿತ್ತು. ಸರಪಳಿಯ ಮೊದಲ ಕೊಂಡಿ ಅವರ ಕಣ್ಣೆದುರೇ ತೆಳುವಾಗತೊಡಗಿತು.

"ಕೆಳಗಿಳಿಯಪ್ಪಾ, ಬಿಟ್ಟು ಬಾ!" ಮೌನೇಶ ಕ್ರೇನಿನವನ ರಟ್ಟೆ ಹಿಡಿದು ಎಳೆದುಕೊಂಡ.

ಮೂವರೂ ದೂರ ಸರಿದು ನಿಂತರು. ಹೂತ ಗಾಲಿಯ ಸುತ್ತ ಅದಿರಿನ ಕೆಂಪು ಮಾಸಿ ಅಂಗೈಯಗಲ ಬೂದಿಬಣ್ಣವಾಗಿತ್ತು. ಅವರು ನೋಡುತ್ತಿದ್ದಂತೆ ಅದು ಮೊರದಗಲವಾಯಿತು.

"ಮೇಡಂ," ಎಂದ ಮೌನೇಶ, "ಈ ಬೆಟ್ಟ ಪೂರಾ ಕಬ್ಬಿಣಾನೇ ಅಲ್ರೀ?"