ಅಳಿಸದೆ ಇಟ್ಟ ದನಿ

"ಇಲ್ಲಿ ಆಮೆ ಅಂದ್ರೆ ಯಾರು?"

ಅಂಗಡಿಯೊಳಗೆ ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದವನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ನೆಲಕ್ಕೆ ಬಿತ್ತು.

ಸಾಕು. ಅವಳಿಗೆ ಬೇರೆ ಉತ್ತರ ಬೇಕಿರಲಿಲ್ಲ. ಮುಖ ನೋಡುವ ಮೊದಲೇ ದನಿಯಲ್ಲೇ ಗುರುತು ಹಿಡಿದಿದ್ದಾನೆ. ಇವನೇ!

ಆಮೆ ಅಂದರೆ ದಪ್ಪಗೆ, ನಿಧಾನಕ್ಕೆ ಇರುತ್ತಾನೆ ಅಂದುಕೊಂಡಿದ್ದಳು. ಎದುರಿಗಿದ್ದವನು ಕಡ್ಡಿಯ ಹಾಗಿದ್ದ. ಮೂಗಿನ ತುದಿಗೆ ಜಾರಿದ ಕನ್ನಡಕ, ಬೆರಳಿಗೆ ಬೆಸುಗೆ ಹಾಕುವಾಗ ಸುಟ್ಟ ಕಲೆ.

"ಸಿಡಿಲು...?" ಅಂದ ಅವನು, ಮೆಲ್ಲಗೆ.

"ಹೌದು, ಸಿಡಿಲೇ. ನಿಮ್ಮ ತಲೆ ಮೇಲೆ ಬೀಳೋಕೇ ಬಂದಿದೀನಿ."

ಎರಡು ವರ್ಷ 'ನೀನು' ಅಂತಲೇ ಮಾತಾಡಿದವಳು 'ನಿಮ್ಮ' ಅಂದಿದ್ದಳು. ಆ ಒಂದು ಮಾತಿಗೇ ಅವನ ಮುಖ ಬಾಡಿತು. ಬಾಡಲಿ! ತನ್ನ ಮುಖ ಈ ವಾರವಿಡೀ ಹೇಗಿತ್ತು ಅಂತ ಇವನಿಗೇನು ಗೊತ್ತು?

ಅವರಿಬ್ಬರೂ ಒಂದೇ ತಂಡ. ಐದು ಜನ ಸೇರಿ ಕೋಟೆ ಕಾಯುವ ಆನ್‌ಲೈನ್ ಆಟ; ಆಮೆ, ಸಿಡಿಲು ಅಲ್ಲಿ ಇಟ್ಟುಕೊಂಡ ಹೆಸರುಗಳು. ಆಟ ಶುರುವಾಗುವವರೆಗೆ ಎಲ್ಲರೂ ಕಾಯುವ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಹರಟುತ್ತಿದ್ದರು. ಯಾವ ಮಂತ್ರಿ ಏನಂದ, ಹೊಸ ಸೇತುವೆ ಎಷ್ಟು ದಿನ ನಿಲ್ಲುತ್ತದೆ, ಯಾರ ತಂಡ ಯಾಕೆ ಸೋತಿತು... ಜಗತ್ತಿನ ತೀರ್ಪೆಲ್ಲ ಅಲ್ಲೇ! ಅಲ್ಲಿ ಆಡಿದ್ದು ಅಲ್ಲಿಗೇ ಮುಗಿಯಬೇಕು, ಅದು ತಂಡದ ಕಟ್ಟಳೆ.

ಗೆದ್ದ ದಿನ ಮಾತ್ರ ಆಮೆ ಆ ಹರಟೆಯ ತಮಾಷೆಯ ತುಣುಕುಗಳನ್ನು ಜೋಡಿಸಿ, ಎಲ್ಲರ ದನಿಯನ್ನೂ ಅಳಿಲಿನ ದನಿಯಂತೆ ಕೀಚಲು ಮಾಡಿ, ಆಟಗಾರರ ದೊಡ್ಡ ಗುಂಪಿಗೆ ಹಾಕುತ್ತಿದ್ದ. ಅಳಿಲುಗಳು ರಾಜಕೀಯ ಮಾತಾಡುವುದನ್ನು ಕೇಳಿ ಜನ ಬಿದ್ದು ಬಿದ್ದು ನಗುತ್ತಿದ್ದರು.

ಅಳಿಲಿನ ದನಿ ಅವಳಿಗೋಸ್ಕರವೇ ಶುರುವಾಗಿದ್ದು. ಅವಳು ಬಸ್ ನಿಲ್ದಾಣದ ಘೋಷಕಿ. ಊರಿನ ಯಾರಿಗೂ ಅವಳ ಮುಖ ಗೊತ್ತಿಲ್ಲ, ದನಿ ಗೊತ್ತಿಲ್ಲದವರಿಲ್ಲ. ಆಮೆಯದು ಪಕ್ಕದ ಊರು; ಅಲ್ಲಿ ರಿಪೇರಿ ಅಂಗಡಿ ಇದೆ ಅಂತ ಅವನು ಒಮ್ಮೆ ಹೇಳಿದ್ದ, ತನ್ನ ಕೆಲಸ ಏನೆಂದು ಅವಳು ಮಾತ್ರ ಹೇಳಿರಲಿಲ್ಲ. ಹೇಳಿದ್ದು ಇಷ್ಟೇ: "ನನ್ನ ದನಿ ಹೊರಗೆ ಹೋಗಬಾರದು. ಅಸಲಿ ಪ್ರತಿ ಉಳಿಯಲೂ ಬಾರದು."

"ಅಳಿಸ್ಬಿಡ್ತೀನಿ ಮಾರಾಯ್ತಿ, ಆಣೆ!" ಅಂದಿದ್ದ.

ಅಂಥವನು ಹೋದ ವಾರ ಹಾಕಿದ ತುಣುಕಿನಲ್ಲಿ ನಾಲ್ಕು ಅಳಿಲುಗಳಿದ್ದವು, ಒಬ್ಬಳು ಹೆಂಗಸಿದ್ದಳು. "ಟಿಕೆಟ್ ದರ ಏರಿಸಿದ ದೊಡ್ಡ ಮನುಷ್ಯರು ಒಂದ್ಸಲ ಬೆಳಗಿನ ಬಸ್ಸಲ್ಲಿ ಒಂಟಿ ಕಾಲಲ್ಲಿ ನಿಂತ್ಕೊಂಡು ಹೋಗ್ಲಿ. ಆಮೇಲೆ ಲೆಕ್ಕ ಹೇಳೋಕೆ ಬರ್ಲಿ!"

ಅರ್ಧ ದಿನದಲ್ಲಿ ಊರಿಗೆ ಊರೇ ಕೇಳಿತು. ಇದು ನಮ್ಮ ಬಸ್ ನಿಲ್ದಾಣದ ದನಿ ಅಲ್ವಾ! ಕೆಲವರು ಭೇಷ್ ಅಂದರು. ಹೆಚ್ಚಿನವರು 'ಉಂಡ ಮನೆಗೆ ಎರಡು ಬಗೆಯೋಳು' ಅಂತ ಉಗಿದರು. ಮೇಲ್ವಿಚಾರಕರು ಅವಳನ್ನು ಮೈಕಿನ ಮುಂದಿಂದ ಎಬ್ಬಿಸಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಇಡುವ ಕೋಣೆಗೆ ಕಳಿಸಿದರು. ಈಗ ಬಸ್ಸಿನ ಹೆಸರು ಕೂಗುತ್ತಿರುವುದು ಯಂತ್ರ.

"ತಪ್ಪಾಯ್ತು," ಅಂದ ಆಮೆ. "ಗಿರಾಕಿ ಜತೆ ಚೌಕಾಸಿ ಮಾಡ್ತಾ ಹಾಕ್ದೆ. ಅಳಿಲಿನ ಪ್ರತಿ ಬದ್ಲು ಇನ್ನೊಂದು ಹೋಗ್ಬಿಡ್ತು. ಗೊತ್ತಾದ ತಕ್ಷಣ ತೆಗೆದೆ, ಅಷ್ಟರಲ್ಲಿ..."

"ಇನ್ನೊಂದು ಪ್ರತಿ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಇನ್ನೊಂದು ಯಾಕಿತ್ತು? ಮಿಕ್ಕವರೆಲ್ಲ ಅಳಿಲು, ನಾನೊಬ್ಳೇ ಮನುಷ್ಯೆ. ಅಂಥ ಪ್ರತಿ ತಾನಾಗೇ ಆಗುತ್ತಾ?"

ಅವನು ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಂಡ.

"ಬಾಯಿ ಬಿಡಿ! ಯಾಕಿತ್ತು?"

ಅವನು ಬಾಯಿ ಬಿಡಲಿಲ್ಲ.

ತಪ್ಪಿ ಹೋಯಿತು ಅಂದಿದ್ದನ್ನು ನಂಬಲು ಅವಳು ಅರ್ಧ ತಯಾರಾಗಿಯೇ ಬಂದಿದ್ದಳು. ಆದರೆ ಈ ಮೌನ! ಎಷ್ಟು ದಿನದಿಂದ ಕೂಡಿಡುತ್ತಿದ್ದಾನೆ? ಯಾರಿಗೆ ಕೇಳಿಸಿ ನಗುತ್ತಿದ್ದಾನೆ?

"ನನ್ನ ಬೈದೋರೆಲ್ಲ ಯಾರೋ ದಾರಿಹೋಕರು. ಅವ್ರ ಮೇಲೆ ನಂಗೆ ಸಿಟ್ಟಿಲ್ಲ. ಕೋಟೆ ಬಾಗಿಲಿಗೆ ನಿಮ್ಮನ್ನ ನಿಲ್ಲಿಸಿ ಬೆನ್ನು ತಿರುಗಿಸಿ ಆಡ್ತಿದ್ದೆನಲ್ಲಾ... ಅದಕ್ಕೆ ನಂಗೆ ನನ್ನ ಮೇಲೇ ಸಿಟ್ಟು."

ಅಳು ಬರುವ ಮೊದಲು ಮೆಟ್ಟಿಲಿಳಿದಳು. ಬೀದಿಯ ತಿರುವಿನಲ್ಲಿ ನಿಂತು, ಫೋನ್ ತೆಗೆದು ಆಟದ ಗುಂಪಿನಿಂದ ಹೊರಬಂದಳು. ಆಮೇಲೆ ಅತ್ತಳು.

"ಮುಖ ಕಾಣದೋನ ನಂಬಿದ್ಯಲ್ಲೇ," ಅಂದರು ಚಿಕ್ಕಮ್ಮ, ಬಟ್ಟೆ ಮಡಚುತ್ತಾ. ಅವಳಿದ್ದದ್ದು ಚಿಕ್ಕಮ್ಮನ ಮನೆಯಲ್ಲಿ.

"ನನ್ನ ಮುಖಾನೂ ಯಾರೂ ಕಂಡಿಲ್ಲ ಚಿಕ್ಕಮ್ಮ. ಆದ್ರೂ ನಾನು ಕೂಗಿದ ಬಸ್ಸನ್ನೇ ನಂಬಿ ಹತ್ತುತ್ತಿದ್ರು."

ಚಿಕ್ಕಮ್ಮ ಇನ್ನೊಂದು ಬಟ್ಟೆ ಎತ್ತಿಕೊಂಡು ಮಾತು ತಿರುಗಿಸಿದರು. "ಹೊಸ ಕೋಣೇಲಿ ಏನೇನಿದೆ?"

"ಛತ್ರಿ. ಒಂಟಿ ಚಪ್ಪಲಿ. ಒಂದು ಹಲ್ಲಿನ ಸೆಟ್ಟು."

"ಹಲ್ಲಿನ ಸೆಟ್ಟೇ! ಮನೆಗೆ ಹೋಗಿ ಅದೇನು ಉಂಡ್ರೋ ಪಾಪ!"

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಒಂದು ನೋವೂ ಬಂತು... ಇದನ್ನು ಕಾಯುವ ಕೋಣೆಯಲ್ಲಿ ಹೇಳಿದ್ದರೆ ಆಮೆ ಎಷ್ಟು ನಗುತ್ತಿದ್ದ! ಛೇ, ಬೆನ್ನಿಗೆ ಇರಿದವನ ನೆನಪೇ ಯಾಕೆ ಮೊದಲು ಬರಬೇಕು?

ಎರಡು ದಿನ ಕಳೆದಿತ್ತು. ಅವಳು ಛತ್ರಿಗಳ ಧೂಳು ಕೊಡವುತ್ತಿದ್ದಾಗ, ಎದುರಿನ ಮೇಲ್ವಿಚಾರಕರ ಕೋಣೆಯಿಂದ ಪರಿಚಯದ ದನಿ ಕೇಳಿತು. ಹೆಡ್‌ಫೋನಿಲ್ಲದೆ, ಸಣ್ಣಗೆ, ತಡವರಿಸುತ್ತಾ.

"ತಪ್ಪು ನಂದು ಸರ್. ಅವ್ರು ಅದನ್ನ ಊರಿಗೆ ಹೇಳಿದ್ದಲ್ಲ. ನಾಲ್ಕು ಜನ ಗೆಳೆಯರ ಹತ್ರ ಹೇಳಿದ್ದು. ನಾನು ಹೊರಗೆ ಹಾಕ್ದೆ."

"ಹೇಳಿದ್ದಂತೂ ನಿಜ ತಾನೆ?" ಅಂದರು ಮೇಲ್ವಿಚಾರಕರು.

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಕೈಯಲ್ಲಿ ಛತ್ರಿ ಹಿಡಿದೇ ಬಾಗಿಲಿಗೆ ಬಂದಳು.

"ನಿಜ ಸರ್. ಮನೇಲಿ ಕೂತು ಹೇಳ್ದೆ. ಮೈಕ್ ಮುಂದೆ ಬಸ್ಸಿನ ಹೊತ್ತು ಬಿಟ್ಟು ಒಂದೇ ಒಂದು ಮಾತು ಆಡಿದ್ದೀನಾ? ಆಡಿದ್ರೆ ಹೇಳಿ, ಈಗ್ಲೇ ಮನೆಗೆ ಹೋಗ್ತೀನಿ."

ಮೇಲ್ವಿಚಾರಕರು ಅವಳನ್ನೂ ಛತ್ರಿಯನ್ನೂ ನೋಡಿದರು. "ಮೊದ್ಲು ಛತ್ರಿ ಕೆಳಗಿಡಮ್ಮ," ಅಂದರು. "ಮೇಲಿನವರ ಹತ್ರ ಮಾತಾಡ್ತೀನಿ. ಮಾತು ಕೊಡೋಕಾಗಲ್ಲ."

ಅಷ್ಟೇ. ಅವಳು ತನ್ನ ಕೋಣೆಗೆ ಮರಳಿದಳು. ಅವನು ಹಿಂದೆಯೇ ಬಂದು ಹೊಸ್ತಿಲಲ್ಲಿ ನಿಂತ. ಒಳಗೆ ಬರಲಿಲ್ಲ.

"ನನ್ನ ಪರವಾಗಿ ಮಾತಾಡಿ ಅಂತ ನಾನು ಕೇಳಿರಲಿಲ್ಲ," ಅಂದಳು.

"ಗೊತ್ತು. ನೀವು ಕೇಳಿದ್ದು ಬೇರೆ. ಅದಕ್ಕೆ ಉತ್ತರ ಕೊಡೋಕೆ ಅವತ್ತು ಧೈರ್ಯ ಬರ್ಲಿಲ್ಲ."

'ಕೇಳಬೇಡ, ಕಳಿಸಿಬಿಡು' ಅಂತು ಬುದ್ಧಿ. ಬಾಯಿ ಮಾತ್ರ ಕೇಳಿಯೇಬಿಟ್ಟಿತು.

"ಯಾಕೆ ಅಳಿಸ್ಲಿಲ್ಲ?"

"ದನಿ ಬದಲಾಯಿಸೋಕೆ ಕೂತಾಗೆಲ್ಲ ಒಂದ್ಸಲ ಪೂರ್ತಿ ಕೇಳ್ಬೇಕಲ್ಲ... ಆಮೇಲೆ ನಿಮ್ಮ ದನೀನ ಅಳಿಲು ಮಾಡೋಕೇ ಮನಸ್ಸು ಬರ್ತಿರಲಿಲ್ಲ. ಗುಂಪಿಗೊಂದು ಮಾಡಿ, ನಂಗೊಂದು ಇಟ್ಕೋತಿದ್ದೆ. ಅಂಗಡೀಲಿ ಒಬ್ನೇ ಇದ್ದಾಗ ಹಾಕ್ಕೊಂಡು ಕೆಲಸ ಮಾಡ್ತಿದ್ದೆ." ಅವನು ತಲೆ ತಗ್ಗಿಸಿದ. "ನಿಮ್ಮ ಮುಖ ಗೊತ್ತಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ. ಆದ್ರೂ ನಂಗೆ ನೀವಂದ್ರೆ... ತುಂಬಾ ಇಷ್ಟ. ಎರಡು ವರ್ಷದಿಂದ."

ಹೊರಗೆ ಯಂತ್ರ ಯಾವುದೋ ಬಸ್ಸಿನ ಹೆಸರನ್ನು ತಪ್ಪು ತಪ್ಪಾಗಿ ಕೂಗಿತು.

ಅವಳಿಗೆ ಖುಷಿಯಾಗಬೇಕಿತ್ತು. ಎಷ್ಟೋ ಸಂಜೆ ಇದೇ ಮಾತಿಗಾಗಿ ತಾನೂ ಕಾದಿರಲಿಲ್ಲವೇ? ಆದರೆ ಕಣ್ಣಲ್ಲಿ ಬಂದದ್ದು ಬಿಸಿ ನೀರು.

"ಕೇಳಬಹುದಿತ್ತಲ್ಲ! 'ಇಟ್ಕೊಳ್ಳಲಾ' ಅಂತ ಒಂದು ಮಾತು!"

"ಬೇಡ ಅಂದ್ಬಿಟ್ರೆ ಅಂತ ಹೆದರಿದೆ."

"ಹಾಗಾದ್ರೆ ಅದು ಕಳ್ಳತನ."

"ಹೌದು," ಅಂದ. 'ಆದರೆ, ಅದು, ಇದು' ಅಂತ ಒಂದೂ ಸೇರಿಸಲಿಲ್ಲ. "ಈಗ ಎಲ್ಲಾ ಅಳಿಸಿದೀನಿ. ನಂಬಿ ಅಂತ ಹೇಳಲ್ಲ. ಒಂದ್ಸಲ ಆಣೆ ಇಟ್ಟು ತಪ್ಪಿದೋನು ನಾನು."

ಅವಳು ಅವನನ್ನೇ ನೋಡಿದಳು. ಮೊನ್ನೆ ಅಂಗಡಿಯಲ್ಲಿ ಅವನ ಮೌನವನ್ನು ಏನೇನೆಂದು ಓದಿದ್ದಳು! ನಗುತ್ತಾನೆ, ಮಾರುತ್ತಾನೆ, ಆಡಿಕೊಳ್ಳುತ್ತಾನೆ ಅಂತ. ಆ ಮೌನದಲ್ಲಿದ್ದದ್ದು ಇದು. ಹಾಗಂತ ಗಾಯ ಸುಳ್ಳಾಗುತ್ತದೆಯೇ? ಇಲ್ಲ. ಪ್ರೀತಿ ಇದ್ದರೂ ಮೋಸ ಮೋಸವೇ. ಮೋಸ ಆದಮೇಲೂ ಈ ಹಾಳು ಮನಸ್ಸು...

"ಎಲ್ಲಾ ಅಳಿಸಿದ್ಯಾ?"

ಅವಳ ಬಾಯಲ್ಲಿ ಮತ್ತೆ ಏಕವಚನ ಬಂದಿತ್ತು. ಅವನು ಕನ್ನಡಕ ಸರಿ ಮಾಡಿಕೊಂಡ.

"ಎಲ್ಲಾ. ಅಂಗಡಿ ಬಿಕೋ ಅಂತಿದೆ."

"ಅನ್ನಲಿ. ಅನುಭವಿಸು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ಮೇಲೆ ನನ್ನ ದನಿ ಕೇಳ್ಬೇಕು ಅನ್ಸಿದ್ರೆ ಕದ್ದು ಕೇಳ್ಬೇಡ. ಎದುರಿಗೆ ಬಂದು ಕೂತ್ಕೊಂಡು ಕೇಳು."

"ಈಗ... ಬರ್ಲಾ ಒಳಗೆ?"

"ಬಾ. ಆದ್ರೆ ಬೈಯೋದು ಇನ್ನೂ ಅರ್ಧಕ್ಕೂ ಬಂದಿಲ್ಲ."

ಅವನು ಹೊಸ್ತಿಲು ದಾಟಿ, ಛತ್ರಿಗಳ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಕೈಕಟ್ಟಿ ಕೂತ.

"ಬೈಯಿ," ಅಂದ. "ಕೇಳ್ತಾ ಇದೀನಿ."