ಹಳಿಯ ಕೆಳಗಿನ ಬದಲಿ ಗರ್ಡರ್

"ಸ್ವಿಚ್ ಆಫ್ ಮಾಡ್ಸ್ಲಾ, ಮೇಡಂ?"

ಉಕ್ಕು ಮಾರುವ ಯಾರ್ಡಿನ ಸಾಹುಕಾರ ಬಹಳ ಮರ್ಯಾದೆಯಿಂದಲೇ ಕೇಳಿದ.

ನಾನು ಕತ್ತೆತ್ತಿ ನೋಡಿದೆ. ನೆತ್ತಿಯ ಮೇಲೆ, ಕ್ರೇನಿನ ಮ್ಯಾಗ್ನೆಟ್ಟಿಗೆ ಕಚ್ಚಿಕೊಂಡು ಒಂದು ಉಕ್ಕಿನ ಗರ್ಡರ್ ತೂಗುತ್ತಿತ್ತು. ಕರೆಂಟ್ ಇರುವವರೆಗೆ ಅದು ಅಲ್ಲಿರುತ್ತದೆ. ಆಮೇಲೆ ಇಲ್ಲಿರುತ್ತದೆ!

ಹಿಂದೆ ಉಕ್ಕಿನ ರಾಶಿ. ಎಡಕ್ಕೆ ಗೋಡೆ. ಬಲಕ್ಕೆ ಅವನ ಆಳುಗಳು. ಓಡಲು ದಾರಿ ಇರಲಿಲ್ಲ.

"ಮಾಡ್ಸಿ," ಅಂದೆ. "ಆದ್ರೆ ಸ್ವಲ್ಪ ತಡೀರಿ..."

ಮುಂದಕ್ಕೆ ಹಾರಿದೆ. ಅವನ ಕೊರಳಪಟ್ಟಿ ಹಿಡಿದು ಎಳೆದು ಗಟ್ಟಿಯಾಗಿ ತಬ್ಬಿಕೊಂಡೆ. ಕಟ್ಟಿಕೊಂಡ ಗಂಡನನ್ನೂ ನಾನು ಹಾಗೆ ತಬ್ಬಿದವಳಲ್ಲ! ಈಗ ಗರ್ಡರಿನ ಕೆಳಗೆ ಇಬ್ಬರಿದ್ದೆವು.

"ಈಗ ಆಫ್ ಮಾಡ್ಸಿ!"

"ಏಯ್! ಸ್ವಿಚ್ ಮುಟ್ಟಬೇಡ್ರೋ! ಮುಟ್ಟಿದ್ರೆ ಹುಷಾರ್!"

ಆಳುಗಳು ನಿಂತಲ್ಲೇ ನಿಂತರು. ನಾನು ಸಾಹುಕಾರನನ್ನು ಬಿಡದೆ ಹಿಡಿದೇ ಇದ್ದೆ.

ನನ್ನ ಕಸುಬು ಪತ್ತೆ ಕೆಲಸ. ಕಳುವಾದ ಮಾಲು, ಓಡಿಹೋದ ಪಾರ್ಟ್ನರ್... ಯಾರು ಕರೆದರೂ ಹೋಗುತ್ತೇನೆ. ಈ ಸಲ ಕರೆದದ್ದು ಒಂದು ಉಕ್ಕಿನ ಕಾರ್ಖಾನೆ. ರೈಲ್ವೆ ಕೆಲಸಕ್ಕೆಂದೇ ಕೊಟ್ಟ ಗರ್ಡರ್‌ಗಳು ಪೇಟೆಯಲ್ಲಿ ಬಿಕರಿಯಾಗುತ್ತಿವೆ, ಯಾರ ಕೈವಾಡ ನೋಡಿ ಅಂದಿದ್ದರು. ಈ ಯಾರ್ಡಿನಲ್ಲಿ ಆ ಗರ್ಡರ್‌ಗಳೇ ಸಾಲಾಗಿ ಮಲಗಿದ್ದವು. ಕಾರ್ಖಾನೆಯ ಗುರುತಿನ ಮೇಲೆ ಬಳಿದಿದ್ದ ಹೊಸ ಪೇಂಟನ್ನು ಕೆರೆಯುತ್ತಿದ್ದಾಗ ನಾನು ಸಿಕ್ಕಿಬಿದ್ದೆ.

"ಯಾರು ತಂದು ಹಾಕಿದ್ದು ಇದನ್ನ?" ಸಾಹುಕಾರನನ್ನು ಕೇಳಿದೆ.

"ಕಂಟ್ರಾಕ್ಟರು! ರೈಲ್ವೆ ಹಳಿ ಕೆಳಗೆ ರಸ್ತೆ ಕೊರೀತಿದಾರಲ್ಲ... ಅವ್ರೇ! ನಂದೇನೂ ತಪ್ಪಿಲ್ಲ, ತಾಯಿ!"



ಆ ಸೈಟಿನ ಮೇಸ್ತ್ರಿ ನನ್ನ ತಮ್ಮ. ಅಮ್ಮ ಹೋದ ಮೇಲೆ ನಾನೇ ತುತ್ತು ಕೊಟ್ಟು ಬೆಳೆಸಿದ ಹುಡುಗ. ಅಲ್ಲಿ ರೈಲು ನಿಲ್ಲಿಸದೆಯೇ ಕೆಲಸ ನಡೆಯುತ್ತದೆ. ಹಳಿಯನ್ನು ಗರ್ಡರ್‌ಗಳ ಮೇಲೆ ಕೂರಿಸಿ, ಅದರ ಕೆಳಗೆ ಗುಂಡಿ ತೋಡುತ್ತಾರೆ. ಮೇಲೆ ರೈಲು, ಕೆಳಗೆ ಮನುಷ್ಯರು. ನಡುವೆ ಇರುವುದು ಗರ್ಡರ್ ಮಾತ್ರ.

"ಗರ್ಡರ್ ಇಲ್ಲಿದ್ರೆ... ಅಲ್ಲಿ ಹಳಿ ಹೊತ್ಕೊಂಡಿರೋದು ಯಾವ್ದು?"

"ಬದ್ಲಿ ಮಾಲು. ಅಷ್ಟೇ ಎತ್ತರ, ಅಷ್ಟೇ ಅಗಲ. ನಡುವಿನ ತಗಡು ಮಾತ್ರ ಅರ್ಧ ದಪ್ಪ. ಎರಡೂ ತುದಿಗೆ ಪ್ಲೇಟ್ ಬೆಸುಗೆ ಹಾಕ್ಸಿ ಕಳಿಸ್ದೆ... ದಪ್ಪ ಯಾರಿಗೂ ಕಾಣಲ್ಲ."

"ತಡಿಯುತ್ತಾ?"

"ಪ್ಯಾಸೆಂಜರ್ ಗಾಡಿ ತಡೀತು..."

"ಮತ್ತೆ?"

"ಇವತ್ತು ಮಧ್ಯಾಹ್ನ ಕಲ್ಲು ತುಂಬಿದ ಗೂಡ್ಸ್ ಬಿಡ್ತಾರಂತೆ. ಅದನ್ನ ಮಾತ್ರ ಕೇಳಬೇಡಿ, ತಾಯಿ!"

ಅವನನ್ನು ಹಾಗೇ ಅಪ್ಪಿಕೊಂಡು ಗೇಟಿನವರೆಗೆ ಎಳೆದೊಯ್ದೆ. ಅಲ್ಲಿ ಅವನದೇ ಬೈಕು ನಿಂತಿತ್ತು, ಕೀ ಅದರಲ್ಲೇ ಇತ್ತು. ಅವನನ್ನು ಆಳುಗಳ ಮೇಲೆ ದೂಡಿ ಗಾಡಿ ಹತ್ತಿದೆ.

ಹಿಂದೆಯೇ ಯಾರ್ಡಿನ ಲಾರಿ ಹೊರಟಿತು!

ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಫೋನ್. ತಮ್ಮನ ನಂಬರ್ ರಿಂಗಾಯಿತು... ರಿಂಗಾಗುತ್ತಲೇ ಇತ್ತು. ಕೆಲಸದ ಹೊತ್ತಿನಲ್ಲಿ ಅಕ್ಕನ ಫೋನ್ ಎತ್ತಬಾರದು ಅನ್ನುವುದು ಮಹಾರಾಯನ ಪಾಲಿಸಿ. ರೈಲ್ವೆ ಸಹಾಯವಾಣಿಗೆ ಒತ್ತಿದೆ.

"ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ಕಾಯಿರಿ."

"ನಾನು ಕಾಯ್ತೀನಿ ಕಣೇ! ಗೂಡ್ಸ್ ಗಾಡಿ ಕಾಯುತ್ತಾ?"

ಸಂಗೀತ ಶುರುವಾಯಿತು. ಫೋನ್ ಜೇಬಿಗೆ ತುರುಕಿದೆ. ಲಾರಿ ಹಾರ್ನ್ ಹೊಡೆಯುತ್ತಾ ಬೆನ್ನಿಗೇ ಬಂತು. ಎರಡು ಗೋದಾಮುಗಳ ನಡುವಿನ ಸಂದಿಗೆ ಬೈಕು ನುಗ್ಗಿಸಿದೆ. ಎರಡೂ ಮೊಣಕೈ ಗೋಡೆಗೆ ಉಜ್ಜಿ ಚರ್ಮ ಕಿತ್ತುಬಂತು. ಲಾರಿ ಸಂದಿಯ ಬಾಯಲ್ಲೇ ಸಿಕ್ಕಿಕೊಂಡಿತು. ಅದರ ಡ್ರೈವರ್ ನನ್ನ ಏಳು ತಲೆಮಾರನ್ನೂ ನೆನೆಸಿಕೊಂಡು ಬೈಯುತ್ತಿದ್ದ.

ಸೈಟು ತಲುಪಿದಾಗ ಸೂರ್ಯ ನೆತ್ತಿ ದಾಟಿದ್ದ. ಗುಂಡಿಯೊಳಗೆ ಯಂತ್ರಗಳು ಕಿವಿ ಕಿವುಡಾಗುವಂತೆ ಅಬ್ಬರಿಸುತ್ತಿದ್ದವು. ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕಂಟ್ರಾಕ್ಟರ್ ಕೂತಿದ್ದ.

"ಏನಮ್ಮಾ, ತಮ್ಮಂಗೆ ಊಟ ತಂದ್ರಾ?"

"ಗೂಡ್ಸ್ ನಿಲ್ಲಿಸಿ. ಎಲ್ರನ್ನೂ ಮೇಲಕ್ಕೆ ಕರೀರಿ. ನಾನು ಯಾರ್ಡಿಂದ ಬರ್ತಿದೀನಿ."

ಅವನ ಮುಖ ಸಪ್ಪಗಾಯಿತು. ಎದ್ದು ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಒಂದು ಗಾಡಿ. ಇದೊಂದು ಗಾಡಿ ದಾಟ್ಲಿ. ಆಮೇಲೆ ಎಲ್ಲಾ ಬದಲಾಯಿಸ್ತೀನಿ, ಆಣೆ! ಈಗ ಬಾಯಿ ಬಿಟ್ರೆ ನಾನು ಬೀದಿಗೆ ಬೀಳ್ತೀನಿ."

"ಬಾಯಿ ಬಿಡದಿದ್ರೆ ಗಾಡಿ ನನ್ ತಮ್ಮನ ಮೇಲೆ ಬೀಳುತ್ತೆ!"

ಅವನು ಪಕ್ಕಕ್ಕೆ ತಿರುಗಿ ಕಣ್ಣಲ್ಲೇ ಸನ್ನೆ ಮಾಡಿದ. ಸೈಟಿನಲ್ಲಿ ಎಲ್ಲರೂ ಬುಲ್ಡೋಜರ್ ಅಂತ ಕರೆಯುವ ಅವನ ಬಂಟ ನನ್ನತ್ತ ಬಂದ.

ನಾನು ಹಳಿಯ ಏರಿ ಹತ್ತಿ ಓಡಿದೆ. ಬಾವುಟದವನು ಹಸಿರು ಹಿಡಿದು ಸಿದ್ಧನಾಗಿ ನಿಂತಿದ್ದ. ಅವನ ಕಂಕುಳಲ್ಲಿದ್ದ ಕೆಂಪು ಬಾವುಟ ಕಿತ್ತುಕೊಂಡೆ. ಬೀಸುವಷ್ಟರಲ್ಲಿ ಬುಲ್ಡೋಜರ್ ನನ್ನನ್ನು ಸೊಂಟ ಹಿಡಿದು ಎತ್ತಿಬಿಟ್ಟ. ಬಾವುಟ ಕಸಿದು ಗುಂಡಿಗೆ ಎಸೆದ.

"ತಮ್ಮಾ! ಮೇಲೆ ಬಾರೋ! ತಮ್ಮಾ!"

ಯಂತ್ರಗಳ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಕೆಳಗೆ ಅವನ ಹಳದಿ ಹೆಲ್ಮೆಟ್ ಮಾತ್ರ ಕಂಡಿತು. ಹಳಿಯ ನಟ್ಟನಡುವೆ, ಸರಿಯಾಗಿ ಗರ್ಡರಿನ ಕೆಳಗೆ!

ತಿರುವಿನ ಆಚೆ ಗೂಡ್ಸ್ ಕೂಗಿತು.

ಅಮ್ಮನಿಗೆ ಏನು ಹೇಳಲಿ ಅನ್ನಿಸಿತು. ಅಮ್ಮ ಸತ್ತು ಎಷ್ಟೋ ಕಾಲವಾಗಿದೆ ಅನ್ನುವುದೂ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಬುಲ್ಡೋಜರನ ಕೈಗೆ ಬಾಯಿ ಹಾಕಿದೆ. ಹಲ್ಲು ಮೂಳೆಗೆ ತಾಗುವವರೆಗೆ ಕಚ್ಚಿದೆ. ಅವನು ಅರಚಿ ಹಿಡಿತ ಬಿಟ್ಟ.

ಹಳಿಯ ಪಕ್ಕದಲ್ಲಿ ಕಾಂಕ್ರೀಟಿಗೆ ತಂದ ಕಬ್ಬಿಣದ ಸರಳುಗಳು ಬಿದ್ದಿದ್ದವು. ಒಂದನ್ನು ಎತ್ತಿಕೊಂಡು ರೈಲು ಬರುವ ದಿಕ್ಕಿಗೇ ಓಡಿದೆ. ಎರಡೂ ಹಳಿಗಳಲ್ಲಿ ಸಣ್ಣ ಕರೆಂಟ್ ಹರಿಯುತ್ತಿರುತ್ತದೆ. ರೈಲಿನ ಗಾಲಿ ಎರಡನ್ನೂ ಸೇರಿಸಿದ ತಕ್ಷಣ ಹಿಂದೆ ಬರುವ ಗಾಡಿಗೆ ಸಿಗ್ನಲ್ ಕೆಂಪಾಗುತ್ತದೆ. ಗಾಲಿಯೇ ಆಗಬೇಕೆಂದಿಲ್ಲ, ಕಬ್ಬಿಣ ಅಡ್ಡ ಬಿದ್ದರೂ ಸಾಕು. ತಂತಿ ಕಳ್ಳರ ಒಂದು ಕೇಸಿನಲ್ಲಿ ಕಲಿತ ವಿದ್ಯೆ ಅದು.

ಸರಳನ್ನು ಎರಡು ಹಳಿಗೂ ಅಡ್ಡ ಇಟ್ಟೆ.

ಸಿಗ್ನಲ್ ಕಂಬ ತಿರುವಿನ ಬಳಿ ಇತ್ತು. ಆದರೆ ನನಗೆ ಕಾಣುತ್ತಿದ್ದದ್ದು ಅದರ ಬೆನ್ನು! ದೀಪ ಇರುವುದು ರೈಲಿನ ಕಡೆಗೆ. ಕೆಂಪಾಯಿತೋ, ಹಸಿರೇ ಇದೆಯೋ... ದೇವರೇ ಬಲ್ಲ.

ಗಾಡಿಯ ಸದ್ದು ತಗ್ಗಲಿಲ್ಲ.

ಸರಳು ನೋಡಿದೆ. ಮೈತುಂಬಾ ತುಕ್ಕು! ಕರೆಂಟ್ ದಾಟುವುದು ಹೇಗೆ? ಮಂಡಿಯೂರಿ ಹಳಿಯ ಮೇಲೆ ಉಜ್ಜತೊಡಗಿದೆ. ಅಂಗೈ ಕಿತ್ತು ರಕ್ತ ಬಂತು. ಉಜ್ಜಿದೆ... ಉಜ್ಜಿದೆ... ಬುಲ್ಡೋಜರ್ ಬಂದು ನನ್ನ ಕಾಲು ಹಿಡಿದು ಎಳೆದ. ಸರಳನ್ನು ಅಪ್ಪಿಕೊಂಡು ಅದರ ಮೇಲೇ ಬೋರಲು ಮಲಗಿಬಿಟ್ಟೆ.

"ಬಿಡೇ! ಸಾಯ್ತೀಯ!"

"ನೀನು ಓಡೋ! ನಿಂಗೂ ಒಬ್ಬ ಅಕ್ಕ ಇರಬಹುದು!"

ಹಳಿ ನಡುಗಿತು. ಆ ನಡುಕ ನನ್ನ ಹಲ್ಲಿನವರೆಗೂ ಬಂತು. ಬುಲ್ಡೋಜರ್ ನನ್ನ ಕಾಲು ಬಿಟ್ಟು ಏರಿಯಿಂದ ಕೆಳಕ್ಕೆ ಹಾರಿದ.

ಕಣ್ಣು ಮುಚ್ಚಿದೆ.

ಆಗ ಕೇಳಿತು ನೋಡಿ... ಬ್ರೇಕಿನ ಸದ್ದು! ಕಬ್ಬಿಣಕ್ಕೆ ಕಬ್ಬಿಣ ಕಚ್ಚಿದ ಆ ಕಿರುಚಾಟದಷ್ಟು ಇಂಪಾದದ್ದನ್ನು ನಾನು ಹುಟ್ಟಿದ ಮೇಲೆ ಕೇಳಿಲ್ಲ. ಸೈಟಿನ ದೆಸೆಯಿಂದ ಗಾಡಿ ನಿಧಾನವಾಗಿಯೇ ಬರುತ್ತಿತ್ತು. ಸಿಗ್ನಲ್ ದಾಟಿ, ತೆವಳಿ, ನನ್ನ ತಲೆಯಿಂದ ಒಂದು ಎತ್ತಿನಗಾಡಿಯಷ್ಟು ದೂರದಲ್ಲಿ ನಿಂತಿತು.

ರೈಲಿನ ಚಾಲಕ ಕೆಳಗಿಳಿದ. ಕಂಟ್ರಾಕ್ಟರ್ ಓಡಿಬಂದ. ಗದ್ದಲ ಕಂಡು ಯಂತ್ರಗಳೂ ನಿಂತವು. ಹಳದಿ ಹೆಲ್ಮೆಟ್ ಏಣಿ ಹತ್ತಿ ಮೇಲೆ ಬಂತು.

"ಅಕ್ಕಾ! ಇದೇನೇ ಇದು ಅವತಾರ?"

"ನಿನ್ ಗರ್ಡರ್ ಡೂಪ್ಲಿಕೇಟ್ ಕಣೋ! ತೆಳು ಮಾಲು!"

"ನಾನೇ ಅಳೆದಿದೀನಿ! ಎತ್ತರ, ಅಗಲ ಎಲ್ಲಾ ಸರಿ ಇದೆ. ನನ್ ಹೊಟ್ಟೆ ಮೇಲೆ ಹೊಡಿಯೋಕೆ ಬಂದ್ಯಾ?"

ಆ ಮಾತು ಗಾಯಕ್ಕಿಂತ ಹೆಚ್ಚು ಉರಿಯಿತು. ಕಂಟ್ರಾಕ್ಟರನಿಗೆ ಜೀವ ಬಂತು.

"ತಲೆ ಕೆಟ್ಟಿದೆ ಪಾಪ ಆಕೆಗೆ. ನೀವು ಗಾಡಿ ಬಿಡಿ ಸಾರ್. ಗರ್ಡರಿಗೆ ನಾನು ಗ್ಯಾರಂಟಿ!"

ಚಾಲಕ ನನ್ನ ಅಂಗೈ ನೋಡಿದ. ಕಂಟ್ರಾಕ್ಟರನ ಮುಖ ನೋಡಿದ. ಕರವಸ್ತ್ರದಿಂದ ನಿಧಾನವಾಗಿ ಕತ್ತು ಒರೆಸಿಕೊಂಡ.

"ಆಗ್ಲಿ. ನೀವು ಹೋಗಿ ಆ ಗುಂಡಿಯೊಳಗೆ ನಿಂತ್ಕೊಳ್ಳಿ. ನಾನು ಗಾಡಿ ಬಿಡ್ತೀನಿ."

"ನಾನಾ?"

"ಗ್ಯಾರಂಟಿ ನೀವೇ ತಾನೇ?"

ಕಂಟ್ರಾಕ್ಟರ್ ನಕ್ಕ. ಬೇರೆ ಯಾರೂ ನಗಲಿಲ್ಲ. ಏಣಿಯ ಕಡೆ ನೋಡಿದ. ಒಂದು ಹೆಜ್ಜೆ ಇಟ್ಟ... ಇನ್ನೊಂದು ಇಡಲಾಗಲಿಲ್ಲ.

"ನಂಗೆ... ಮಂಡಿ ನೋವು," ಅಂದ.

ನನ್ನ ತಮ್ಮ ಅವನನ್ನೇ ದಿಟ್ಟಿಸುತ್ತಿದ್ದ. ದಿನಾ ಬೆಳಿಗ್ಗೆ ತನ್ನ ಬೆನ್ನು ತಟ್ಟಿ ಕೆಳಗಿಳಿಸುತ್ತಿದ್ದ ಧಣಿ! ಹುಡುಗನ ಮುಖ ಬಿಳಿಚಿಕೊಂಡಿತು. ಗುಂಡಿಯ ಅಂಚಿಗೆ ಓಡಿ ಗಂಟಲು ಹರಿಯುವಂತೆ ಕೂಗಿದ.

"ಎಲ್ಲಾ ಮೇಲೆ ಬನ್ರೋ! ಸಾಮಾನು ಬಿಟ್ಟು ಬನ್ರೋ!"

ಕೊನೆಯ ಆಳು ಹತ್ತಿ ಬಂದ ಮೇಲೆ ತಮ್ಮ ನನ್ನ ಹತ್ತಿರ ಬಂದ. ಅವನ ತಲೆಗೆ ಒಂದು ಮೊಟಕಿದೆ. ಆಮೇಲೆ ಇಬ್ಬರೂ ಹಳಿಯ ಮೇಲೆ ಕೂತು ಅತ್ತೆವು, ನಾಚಿಕೆಯಿಲ್ಲದೆ.

ಆಮೇಲೆ ಬಂದು ಗರ್ಡರ್ ಕೊರೆದು ನೋಡಿದ ರೈಲ್ವೆಯವರು ಕಂಟ್ರಾಕ್ಟರನನ್ನು ಜೀಪಿನಲ್ಲಿ ಕರೆದೊಯ್ದರು. ನನ್ನನ್ನೂ ಬಿಡಲಿಲ್ಲ. ಸಿಗ್ನಲ್ ಕೆಡಿಸಿ ರೈಲು ತಡೆದದ್ದು ಅಪರಾಧವಂತೆ! ತಮ್ಮನನ್ನು ಮನೆಗೆ ಅಟ್ಟಿ ನಾನು ಇನ್ನೊಂದು ಜೀಪು ಹತ್ತಿದೆ.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಪೆನ್ನು ತೆರೆದ.

"ತಪ್ಪು ಒಪ್ಕೋತೀರಾ?"

"ಕಲ್ಲಿನ ಗಾಡಿ ತಡವಾಯ್ತು, ಸಾರ್. ನನ್ ತಮ್ಮ ಹೊತ್ತಿಗೆ ಸರಿಯಾಗಿ ಮನೆ ಸೇರ್ದ. ಇದರಲ್ಲಿ ಯಾವುದು ಅಪರಾಧವೋ, ಅದನ್ನ ಬರ್ಕೊಳ್ಳಿ!"